ಚೀಲದಲ್ಲಿ ಮಲಗದ ಲ್ಯಾಪ್‌ಟಾಪ್

"ಸರ್, ಯಂತ್ರ ಸರಿಹೋಗಿದೆ. ಯಾಕೆ ಸರಿಹೋಯಿತು ಅಂತ ಮಾತ್ರ ಗೊತ್ತಾಗಲಿಲ್ಲ. ಹೀಗೇ ಕೊಟ್ಟುಬಿಡಬಹುದಾ?"

ತನುಜಾ ಹೀಗೆ ಕೇಳಿದಳು. ಕೇಳುವಾಗ ಅವಳ ಕಣ್ಣು ಗುರುವಿನ ಮುಖದ ಮೇಲಿರಲಿಲ್ಲ, ಮೇಜಿನ ಮೇಲಿದ್ದ ಲ್ಯಾಪ್‌ಟಾಪಿನ ಮೇಲಿತ್ತು.

ಅದು ಜಮೀನು ಅಳೆಯುವ ಒಬ್ಬ ಸರ್ವೆಯರದು. ವಿಂಡೋಸಿನ ಬದಲು ಲಿನಕ್ಸ್ ಹಾಕಿದ ಯಂತ್ರ. ಮುಚ್ಚಳ ಮುಚ್ಚಿದರೆ ಮಲಗಬೇಕು, ತೆರೆದರೆ ಏಳಬೇಕು. ಅದು ಮಲಗುತ್ತಿತ್ತು, ಏಳುತ್ತಿರಲಿಲ್ಲ. ಹೊಲದ ನಡುವೆ ನಿಂತು ಮುಚ್ಚಳ ತೆರೆದರೆ ಪರದೆ ಕಪ್ಪಗೆ ಕೂತಿರುತ್ತಿತ್ತು. ತನುಜಾ ಬೆಳಗಿನಿಂದ ಅದರ ಮುಂದೆ ಕೂತಿದ್ದಳು. ಲಿನಕ್ಸಿನ ತಿರುಳಾದ ಕರ್ನೆಲ್ ಬದಲಿಸಿದ್ದಳು. ಪರದೆಗೆ ಚಿತ್ರ ಕಳಿಸುವ ಡ್ರೈವರ್ ಬದಲಿಸಿದ್ದಳು. ಇಂಟರ್ನೆಟ್ಟಿನಲ್ಲಿ ಯಾರೋ ಹೇಳಿದ್ದ ಒಂದು ಆದೇಶದ ಸಾಲು, ಇನ್ಯಾರೋ ಹೇಳಿದ್ದ ಇನ್ನೊಂದು ಸಾಲು, ಎರಡನ್ನೂ ಸೇರಿಸಿದ್ದಳು. ಈಗ ಅದು ಮಲಗುತ್ತಿತ್ತು, ಏಳುತ್ತಲೂ ಇತ್ತು.

ಅವಳ ಗುರು ಜಿನದತ್ತ ಸರ್. ಪಾಲಿಟೆಕ್ನಿಕ್ಕಿನಲ್ಲಿ ಕಲಿಸಿ ನಿವೃತ್ತರಾದವರು. ಸೊಸೈಟಿ ಕಟ್ಟಡದ ಮಹಡಿಯಲ್ಲಿ ಒಂದು ಕೋಣೆ ಹಿಡಿದು ದುರಸ್ತಿ ಕೆಲಸ ಕಲಿಸುತ್ತಿದ್ದರು. ಕೇಳಿದ್ದಕ್ಕೆ ಹೌದು, ಅಲ್ಲ ಎಂದು ಹೇಳಿಬಿಡುವ ಅಭ್ಯಾಸ ಅವರಿಗಿರಲಿಲ್ಲ.

ಕೆಳಗಿನಿಂದ ಸರ್ವೆಯರ್ ಕೂಗಿದರು. "ಏನಮ್ಮಾ, ಆಯ್ತಾ? ಬಸ್ಸು ಹೊರಡೋ ಹೊತ್ತಾಯ್ತು!"

ತನುಜಾ ಕಿಟಕಿಯ ಕಡೆ ನೋಡಿದಳು, ಗುರುವಿನ ಕಡೆ ನೋಡಿದಳು. ಕೂಗಿ ಉತ್ತರ ಕೊಡುವುದು ಅವಳಿಗೆ ಎಂದೂ ಬಂದದ್ದಲ್ಲ.

ಜಿನದತ್ತ ಸರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಇನ್ನೊಂದು ಬಸ್ಸಿದೆ. ಕೂತ್ಕೊಳಮ್ಮ" ಎಂದರು. ಆಮೇಲೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಶಿಕ್ಷಕಿ ಇದ್ದಳು. ಗಂಟಲಿಗೆ ಆಪರೇಷನ್ ಆಯಿತು. ಜೀವ ಉಳಿಯಿತು, ದನಿ ಹೋಯಿತು.

ಮಕ್ಕಳ ಮುಂದೆ ನಿಂತು ಮಾತಾಡುವುದನ್ನು ಬಿಟ್ಟರೆ ಅವಳಿಗೆ ಬೇರೆ ಬದುಕು ಗೊತ್ತಿರಲಿಲ್ಲ. ಕೆಲವು ವಾರ ಗೋಡೆ ನೋಡುತ್ತ ಕೂತಳು. ಆಮೇಲೆ ಎದ್ದು ಒಂದು ಲ್ಯಾಪ್‌ಟಾಪ್ ತಂದಳು. ತಾನೇ ಕೂತು ಲಿನಕ್ಸ್ ಹಾಕಿಕೊಂಡಳು. ಬರೆದದ್ದನ್ನು ಗಟ್ಟಿಯಾಗಿ ಓದುವ ತಂತ್ರಾಂಶ ಹಾಕಿಕೊಂಡಳು. ದಿನಾ ಆಡುವ ಮಾತಿಗೆಲ್ಲ ಗಿಡ್ಡ ಗುರುತು ಮಾಡಿಕೊಂಡಳು. ಎರಡು ಅಕ್ಷರ ಒತ್ತಿದರೆ ಸಾಕು, "ಗಲಾಟೆ ಮಾಡಬೇಡಿ" ಎಂದು ಯಂತ್ರ ಗದರುತ್ತಿತ್ತು. ಆ ದನಿ ತಗಡು ಬಡಿದ ಹಾಗಿತ್ತು. ಮಕ್ಕಳು ಒಂದು ದಿನ ನಕ್ಕವು, ಮಾರನೆಯ ದಿನ ಅಣಕಿಸಿದವು, ಆಮೇಲೆ ಅದನ್ನೇ ಟೀಚರ ದನಿ ಎಂದುಕೊಂಡವು.

ಮುಖ್ಯೋಪಾಧ್ಯಾಯರು ಅವಳನ್ನು ಕರೆದು ಕೂರಿಸಿದರು. "ನೀವು ಬೇಡ ಅಂತ ನಾನು ಹೇಳೋನಲ್ಲ ಟೀಚರ್. ಆದರೆ ಆಡಳಿತ ಮಂಡಳಿಯವರು ಒಪ್ಪಬೇಕು. ಬರೋ ತಿಂಗಳು ಅವರು ಬಂದು ಕೂರ್ತಾರೆ. ಒಂದು ಪಾಠ ಪೂರ್ತಿ ಮಾಡಿ ತೋರಿಸಿ. ನಡುವೆ ನಿಂತುಹೋದರೆ ತರಗತಿ ಬೇರೆಯವರಿಗೆ. ನೀವು ಆಫೀಸಲ್ಲಿ ಇರಬೇಕಂತೆ. ಅಲ್ಲೀವರೆಗೆ ದಿನಾ ಬಂದು ತರಗತಿಯಲ್ಲೇ ಕೂತಿರಿ."

ಆಫೀಸೆಂದರೆ ಕಪಾಟು, ಬೀಗದ ಕೈ, ಸೀಲು. ಅಲ್ಲಿ ಮಾತು ಬೇಕಿಲ್ಲ. ಅವಳು ತಲೆಯಾಡಿಸಿ ಎದ್ದು ಬಂದಳು. ತರಗತಿ ಬಿಡುವುದಿಲ್ಲ ಎಂದು ಆಗಲೇ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡಿದ್ದಳು.

ತೊಂದರೆ ಶುರುವಾದದ್ದು ಬಸ್ಸಿನಲ್ಲಿ.

ಮನೆಯಲ್ಲಿ ಲ್ಯಾಪ್‌ಟಾಪನ್ನು ತುಂಬ ಚಾರ್ಜ್ ಮಾಡಿ, ಮುಚ್ಚಳ ಮುಚ್ಚಿ, ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತುತ್ತಿದ್ದಳು. ಶಾಲೆಯಲ್ಲಿ ಇಳಿಯುವಷ್ಟರಲ್ಲಿ ಚೀಲ ಕಾದಿರುತ್ತಿತ್ತು. ಮುಟ್ಟಿದರೆ ಆಗ ತಾನೇ ಇಳಿಸಿದ ಇಡ್ಲಿ ಪಾತ್ರೆಯ ಹಾಗೆ. ತೆರೆದರೆ ಬ್ಯಾಟರಿ ಖಾಲಿ. ಆ ಶಾಲೆಯ ತರಗತಿಗಳಲ್ಲಿ ಪ್ಲಗ್ ಇರಲಿಲ್ಲ. ಅವಳು ಬಾಯಿಲ್ಲದೆ ಸಂಜೆಯವರೆಗೆ ಕೂತಿರುತ್ತಿದ್ದಳು.

ಊರಿನಲ್ಲಿ ಕಂಪ್ಯೂಟರ್ ಅಂಗಡಿಯವನೊಬ್ಬನಿದ್ದ. ಅವಳು ಅವನ ಹತ್ತಿರ ಹೋದಳು. ಅವನು ಯಂತ್ರವನ್ನು ತಿರುಗಿಸಿ ಮುರುಗಿಸಿ ನೋಡಿದ.

"ಲಿನಕ್ಸ್‌ದು ಇದೇ ಗೋಳು ಮೇಡಂ. ಮಲಗೋದೂ ಬರಲ್ಲ, ಏಳೋದೂ ಬರಲ್ಲ. ಒಂದು ಕೆಲಸ ಮಾಡಿ. ಮುಚ್ಚೋ ಮುಂಚೆ ಪೂರ್ತಿ ಆಫ್ ಮಾಡ್ಬಿಡಿ. ಬೇಕಾದಾಗ ಆನ್ ಮಾಡ್ಕೊಳ್ಳಿ. ಕತೆ ಮುಗೀತು."

ಅವಳು ಮುಚ್ಚಳ ತೆರೆದು ಬರೆದಳು. ಯಂತ್ರ ತಗಡಿನ ದನಿಯಲ್ಲಿ ಕೇಳಿತು: "ನೀವು ಮಾತು ಮುಗಿಸಿದಾಗಲೆಲ್ಲ ಪ್ರಾಣ ಬಿಟ್ಟು ಮತ್ತೆ ಹುಟ್ಟಿ ಬರ್ತೀರಾ?"

ಅಂಗಡಿಯವನು ನಕ್ಕ. ಅವಳು ನಗಲಿಲ್ಲ. ಒಬ್ಬ ಹುಡುಗ ತಪ್ಪು ಉತ್ತರ ಹೇಳಿದರೆ ತಿದ್ದಬೇಕಾದದ್ದು ಆಗಲೇ. ಯಂತ್ರ ಆನ್ ಆಗಿ, ಗುಪ್ತಪದ ಕೇಳಿ, ತಂತ್ರಾಂಶ ತೆರೆಯುವಷ್ಟರಲ್ಲಿ ತರಗತಿ ಮತ್ತೆಲ್ಲಿಗೋ ಹೋಗಿರುತ್ತದೆ. ಬಾಯಿ ತೆರೆದರೆ ಮಾತು ಬರಬೇಕು. ಅವಳಿಗೆ ಮುಚ್ಚಳವೇ ಬಾಯಿ.

ಮನೆಗೆ ಬಂದು ತಾನೇ ಸರಿಮಾಡುವುದೆಂದು ಕೂತಳು.

ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಇದೇ ರೋಗದವರು ಲೋಕದ ತುಂಬ ಇದ್ದರು. ಒಬ್ಬೊಬ್ಬರದು ಒಂದೊಂದು ಮದ್ದು. ನಿದ್ರೆಯಲ್ಲಿ ಹಗುರ ನಿದ್ರೆ, ಗಾಢ ನಿದ್ರೆ ಎಂದು ಎರಡು ಬಗೆ, ಗಾಢ ನಿದ್ರೆಗೆ ಬದಲಿಸು ಎಂದ ಒಬ್ಬ. ಕರ್ನೆಲ್ ಹೊಸದು ಹಾಕು ಎಂದ ಇನ್ನೊಬ್ಬ. ಹೊಸದೇ ರೋಗ, ಹಳೆಯದಕ್ಕೆ ಹೋಗು ಎಂದ ಮತ್ತೊಬ್ಬ. ಬ್ಲೂಟೂತ್ ತೆಗೆ ಎಂದ ಒಬ್ಬ, ಬ್ಯಾಟರಿ ಕಾಯುವ ತಂತ್ರಾಂಶ ಹಾಕು ಎಂದ ಇನ್ನೊಬ್ಬ. ಅವರ ಯಂತ್ರ ಯಾವುದು, ತನ್ನ ಯಂತ್ರ ಯಾವುದು ಎಂದು ಅವಳು ನೋಡಲಿಲ್ಲ. ಕೊನೆಯಲ್ಲಿ "ನನಗೆ ಸರಿಹೋಯಿತು, ಧನ್ಯವಾದ" ಎಂದು ಯಾರಾದರೂ ಬರೆದಿದ್ದರೆ ಸಾಕಿತ್ತು. ಒಂದೇ ಕೂತದ್ದರಲ್ಲಿ ಎಲ್ಲವನ್ನೂ ಮಾಡಿ ಮುಗಿಸಿದಳು.

ಮರುದಿನ ಬಸ್ಸಿನಲ್ಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಅಂಗೈ ಒತ್ತಿ ಹಿಡಿದಳು. ಚೀಲ ತಣ್ಣಗಿತ್ತು. ಶಾಲೆಯಲ್ಲಿ ಮುಚ್ಚಳ ತೆರೆದಳು. ಬ್ಯಾಟರಿ ತುಂಬಿತ್ತು. ಅವಳು ಕುಣಿಯುವುದೊಂದು ಬಾಕಿ.

ಅದರ ಮರುದಿನವೂ ತಣ್ಣಗಿತ್ತು. ಅವಳೂ ಒಂದು ಕಡೆ ಬರೆದಳು: "ನನಗೆ ಸರಿಹೋಯಿತು, ಧನ್ಯವಾದ."

ಮತ್ತೊಂದು ವಾರಕ್ಕೆ ಚೀಲ ಪುನಃ ಕಾದಿತು.

ಅವಳು ಬಸ್ಸಿನಲ್ಲೇ ಮುಚ್ಚಳ ತೆರೆದು ನೋಡಿದಳು. ಬ್ಯಾಟರಿ ಅರ್ಧಕ್ಕಿಂತ ಕೆಳಗಿಳಿದಿತ್ತು. ಮಾಡಿದ್ದನ್ನು ಯಾವುದನ್ನೂ ಅವಳು ಬದಲಿಸಿರಲಿಲ್ಲ. ಹಾಗಾದರೆ ಇಷ್ಟು ದಿನ ಕಾಪಾಡಿದ್ದು ಯಾವುದು? ಈಗ ಕೈಬಿಟ್ಟದ್ದು ಯಾವುದು? ಅವಳಿಗೆ ತಿಳಿಯಲಿಲ್ಲ. ತಿಳಿಯುವ ದಾರಿಯನ್ನೂ ತಾನೇ ಮುಚ್ಚಿಕೊಂಡಿದ್ದಳು.

ಹೆದರಿದವರು ಮಾಡುವುದನ್ನೇ ಅವಳೂ ಮಾಡಿದಳು. ಇನ್ನಷ್ಟು ಮದ್ದು ಹುಡುಕಿದಳು, ಮೊದಲಿನದರ ಮೇಲೆ ಹಚ್ಚಿದಳು. ಈಗ ಹೊಸ ರೋಗ ಬಂತು. ಮಲಗಿದ ಯಂತ್ರ ಏಳುವುದನ್ನೇ ನಿಲ್ಲಿಸಿತು. ಒಳಗೆ ಫ್ಯಾನು ತಿರುಗುತ್ತಿರುತ್ತಿತ್ತು, ಪರದೆ ಕಪ್ಪಗಿರುತ್ತಿತ್ತು. ಗುಂಡಿ ಒತ್ತಿ ಹಿಡಿದು ಕೊಂದು ಎಬ್ಬಿಸಬೇಕಿತ್ತು. ಮೊದಲು ಒಂದೇ ತೊಂದರೆ ಇದ್ದದ್ದು ಈಗ ಎರಡಾಯಿತು. ಮಂಡಳಿಯವರು ಬರುವ ದಿನವೂ ಹತ್ತಿರ ಬಂದಿತ್ತು.

ಅವಳಿಗೊಬ್ಬ ತಂಗಿ. ಜೊತೆಯಲ್ಲೇ ಇದ್ದವಳು. ಒಂದು ಭಾನುವಾರ ಅವಳು ಅಡುಗೆಮನೆಯಿಂದ ಬಂದು ನೋಡಿದರೆ ಅಕ್ಕ ಮಾಡಿದ್ದನ್ನೆಲ್ಲ ಒಂದೊಂದಾಗಿ ತೆಗೆಯುತ್ತಿದ್ದಾಳೆ. ಸೇರಿಸಿದ ಸಾಲು ಅಳಿಸುತ್ತಿದ್ದಾಳೆ. ಹಾಕಿದ ತಂತ್ರಾಂಶ ಕೀಳುತ್ತಿದ್ದಾಳೆ. ಹಳೆಯ ಕರ್ನೆಲ್ಲಿಗೆ ಮರಳುತ್ತಿದ್ದಾಳೆ.

"ಏನೇ ಇದು? ಅಷ್ಟು ದಿನ ಕಟ್ಟಿದ್ದನ್ನೆಲ್ಲ ಒಡೆದು ಹಾಕ್ತಿದೀಯಲ್ಲೇ! ಆ ಮಂಡಳಿಯೋರು ಬಂದಾಗ ಏನು ಮಾಡ್ತೀಯ, ಕೈಸನ್ನೆ ಮಾಡ್ತೀಯಾ?"

ಅಕ್ಕ ಬರೆದಳು. ಯಂತ್ರ ಹೇಳಿತು: "ಮೊದಲು ಹೇಗೆ ಕೆಟ್ಟಿತ್ತೋ ಹಾಗೇ ಕೆಡಲಿ. ಆಮೇಲೆ ನೋಡ್ತೀನಿ."

ತಂಗಿ ಹಣೆ ಚಚ್ಚಿಕೊಂಡು ಒಳಗೆ ಹೋದಳು.

ಎಲ್ಲ ತೆಗೆದ ಮೇಲೆ ಏಳದ ರೋಗ ಹೋಯಿತು. ಅದು ಯಂತ್ರದ್ದಲ್ಲ, ಅವಳು ಹಚ್ಚಿದ ಮದ್ದಿನದು. ಉಳಿದದ್ದು ಮೊದಲಿನ ಒಂದೇ ತೊಂದರೆ.

ಲಿನಕ್ಸಿನಲ್ಲಿ ಒಂದು ಅನುಕೂಲವಿದೆ. ಯಂತ್ರವನ್ನು ಪೂರ್ತಿ ಮಲಗಿಸದೆ, ಮೆಟ್ಟಿಲು ಮೆಟ್ಟಿಲಾಗಿ ಮಲಗಿಸಿ ವಾಪಸ್ಸು ಕರೆಯಬಹುದು. ಅವಳು ಓಡುತ್ತಿದ್ದ ತಂತ್ರಾಂಶಗಳನ್ನಷ್ಟೇ ನಿಲ್ಲಿಸಿ ಎಬ್ಬಿಸಿದಳು. ಎದ್ದವು. ಪರದೆ, ಕೀಲಿಮಣೆ, ವೈಫೈ ಇವನ್ನೂ ಮಲಗಿಸಿ ಎಬ್ಬಿಸಿದಳು. ಎದ್ದವು. ಪೂರ್ತಿ ಮಲಗಿಸಿ, ಮುಚ್ಚಳ ಮುಚ್ಚಿ, ಮೇಜಿನ ಮೇಲೆ ಬಿಟ್ಟು ಬಟ್ಟೆ ಒಗೆದು ಬಂದಳು. ಯಂತ್ರ ತಣ್ಣಗೆ ಮಲಗಿತ್ತು. ತೆರೆದರೆ ಎದ್ದಿತು.

ಆಗ ಅವಳಿಗೆ ಹೊಳೆಯಿತು. ಯಂತ್ರಕ್ಕೆ ಮಲಗಲು ಬರುತ್ತದೆ. ಮೇಜಿನ ಮೇಲೆ ಮಲಗುತ್ತದೆ, ಚೀಲದಲ್ಲಿ ಮಲಗುವುದಿಲ್ಲ. ಇಷ್ಟು ದಿನ ಅವಳು ಮದ್ದು ಹಾಕಿದ್ದು ಮನೆಯಲ್ಲಿ, ರೋಗ ಇದ್ದದ್ದು ದಾರಿಯಲ್ಲಿ.

ಮರುದಿನ ಶಾಲೆಗೆ ರಜೆ. ಅವಳು ಚೀಲ ಹೆಗಲಿಗೆ ಹಾಕಿಕೊಂಡು ಬಸ್ಸು ಹತ್ತಿದಳು. ಕಂಡಕ್ಟರು ಬಂದ.

"ಎಲ್ಲಿಗೆ ಮೇಡಂ?"

ಅವಳು ಮುಚ್ಚಳ ತೆರೆದಳು. ಯಂತ್ರ ಹೇಳಿತು: "ಎಲ್ಲಿಗೂ ಇಲ್ಲ. ಸುಮ್ಮನೆ ಹೋಗಿ ಬರೋಕೆ."

"ಸುಮ್ಮನೆ ಹೋಗಿ ಬರೋಕೂ ಒಂದು ಊರು ಬೇಕಲ್ಲ ಮೇಡಂ. ನನ್ನ ಮಿಷಿನ್ನು ಊರಿನ ಹೆಸರು ಕೇಳುತ್ತೆ."

ಹಿಂದಿನ ಸೀಟಿನವರು ನಕ್ಕರು. ಒಬ್ಬಾಕೆ "ಪಾಪ, ಟೀಚರು ಕಣ್ರೋ" ಎಂದಳು. ಅವಳು ಶಾಲೆಯ ಊರಿನ ಹೆಸರು ಬರೆದಳು. ಮುಚ್ಚಳ ಮುಚ್ಚಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಅಂಗೈ ಒತ್ತಿದಳು. ಚೀಲ ಕಾಯತೊಡಗಿತು. ಆ ಬಿಸಿಗೆ ಈ ಸಲ ಅವಳು ಹೆದರಲಿಲ್ಲ. ಹುಡುಕುತ್ತಿದ್ದವನು ಎದುರಿಗೆ ಸಿಕ್ಕ ಹಾಗಾಯಿತು.

ಅಲ್ಲಿಂದ ಹೊರಟ ಬಸ್ಸಿನಲ್ಲಿ ವಾಪಸ್ಸು ಬಂದು, ಚಹಾದ ಅಂಗಡಿಯವನ ಹತ್ತಿರ ಬೇಡಿಕೊಂಡು ಚಾರ್ಜ್ ಮಾಡಿಕೊಂಡಳು. ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆ ಕೂತು ಯಂತ್ರವನ್ನೇ ಕೇಳಿದಳು: ಮಲಗಿದ ಮೇಲೆ ನಿನ್ನನ್ನು ಎಬ್ಬಿಸುವ ಹಕ್ಕು ಯಾರು ಯಾರಿಗಿದೆ? ಯಂತ್ರ ಹೇಳಿತು. ಮುಚ್ಚಳಕ್ಕಿದೆ. ಗುಂಡಿಗಿದೆ. ಕೇಬಲ್ಲಿನ ನೆಟ್‌ವರ್ಕಿಗಿದೆ. ಯುಎಸ್‌ಬಿಗೆ ಚುಚ್ಚಿದ್ದಕ್ಕೂ ಇದೆ.

ಎಲ್ಲರ ಹಕ್ಕನ್ನೂ ಒಂದೇ ಏಟಿಗೆ ಕಿತ್ತುಹಾಕಲು ಅವಳ ಕೈ ಹೋಯಿತು. ಆ ಕೈಯನ್ನು ಅವಳು ಹಿಂದಕ್ಕೆ ತೆಗೆದುಕೊಂಡಳು. ನೆಟ್‌ವರ್ಕಿನ ಹಕ್ಕನ್ನು ಮಾತ್ರ ತೆಗೆದಳು. ಬಸ್ಸು ಹತ್ತಿದಳು. ಚೀಲ ಕಾದಿತು. ಅದರ ಹಕ್ಕನ್ನು ಅದಕ್ಕೆ ವಾಪಸ್ಸು ಕೊಟ್ಟಳು. ವಾಪಸ್ಸು ಬಂದು ಅದೇ ಅಂಗಡಿಯಲ್ಲಿ ಮತ್ತೆ ಚಾರ್ಜ್ ಮಾಡಿಕೊಂಡಳು. ಯುಎಸ್‌ಬಿಯ ಹಕ್ಕನ್ನು ತೆಗೆದಳು. ಮತ್ತೆ ಬಸ್ಸು ಹತ್ತಿದಳು.

ಕಂಡಕ್ಟರು ಈಗ ಕೇಳುವುದನ್ನೇ ಬಿಟ್ಟಿದ್ದ. ಟಿಕೆಟ್ ಹರಿದು ಕೊಟ್ಟು, "ಇವತ್ತು ನಮ್ಮ ಬಸ್ಸಿಗೆ ನೀವೇ ಇನ್‌ಸ್ಪೆಕ್ಟರು" ಎಂದು ಮುಂದೆ ಹೋದ.

ಬಸ್ಸು ಹಂಪು ಹಾರಿತು. ಗುಂಡಿಗೆ ಬಿತ್ತು. ತಿರುವಿನಲ್ಲಿ ವಾಲಿತು. ಚೀಲ ತಣ್ಣಗೇ ಇತ್ತು.

ಯುಎಸ್‌ಬಿಗೆ ಚುಚ್ಚಿದ್ದು ಉಗುರಿನಷ್ಟು ದೊಡ್ಡ ಒಂದು ತುಂಡು. ತಂತಿಯಿಲ್ಲದ ಮೌಸಿನ ಸಂಕೇತ ಹಿಡಿಯುವ ತುಂಡು ಅದು. ಮೌಸು ಅದೇ ಚೀಲದಲ್ಲಿ, ಟಿಫಿನ್ ಡಬ್ಬಿಯ ಪಕ್ಕದಲ್ಲಿ ಇರುತ್ತಿತ್ತು. ಬಸ್ಸು ಕುಲುಕಿದಾಗಲೆಲ್ಲ ಡಬ್ಬಿ ಮೌಸನ್ನು ಒತ್ತುತ್ತಿತ್ತು. ಮೌಸು ಯಂತ್ರವನ್ನು ಎಬ್ಬಿಸುತ್ತಿತ್ತು. ಮುಚ್ಚಳ ಮುಚ್ಚಿರುವುದನ್ನು ಕಂಡು ಯಂತ್ರ ಪುನಃ ಮಲಗಲು ಹೋಗುತ್ತಿತ್ತು. ಮತ್ತೆ ಹಂಪು, ಮತ್ತೆ ಡಬ್ಬಿ, ಮತ್ತೆ ಎಚ್ಚರ. ದಾರಿಯುದ್ದಕ್ಕೂ ಅದು ಬೆಚ್ಚಿ ಬೆಚ್ಚಿ ಎದ್ದೇ ಸುಸ್ತಾಗುತ್ತಿತ್ತು.

ಆಗ ಅವಳಿಗೆ ನೆನಪಾಯಿತು. ಚೀಲ ತಣ್ಣಗಿದ್ದ ಆ ವಾರ ಮೌಸಿನ ಸೆಲ್ ಮುಗಿದುಹೋಗಿತ್ತು. ಅಂಗಡಿಗೆ ಹೋಗಲು ಪುರಸೊತ್ತಾಗದೆ ಹಾಗೇ ಬಿಟ್ಟಿದ್ದಳು. ಹೊಸ ಸೆಲ್ ಹಾಕಿದ ದಿನವೇ ರೋಗ ಮರಳಿತ್ತು. ಲೋಕದವರೆಲ್ಲರ ಮದ್ದು ಹಾಕಿದ್ದಳು, ಒಂದೂ ಏನೂ ಮಾಡಿರಲಿಲ್ಲ. ಸತ್ತ ಒಂದು ಸೆಲ್ಲಿಗೆ ಸಲ್ಲಬೇಕಾದ ಧನ್ಯವಾದವನ್ನು ಅವಳು ಅಷ್ಟು ಜನರಿಗೆ ಹೇಳಿದ್ದಳು.

ಮನೆಗೆ ಬಂದು ತಂಗಿಗೆ ಹೇಳಿದಳು. ತಂಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಇಷ್ಟಕ್ಕೇನೇ ಇಷ್ಟು ರಾಮಾಯಣ? ಮೌಸನ್ನ ಮನೇಲಿ ಬಿಟ್ಟು ಹೋದ್ರೆ ಮುಗೀತಲ್ಲ!"

ಅಕ್ಕ ಬರೆದಳು: "ನಾಳೆ ಮರೆತು ಚೀಲಕ್ಕೆ ಹಾಕ್ಕೊಂಡಿರ್ತೀನಿ. ನೆನಪಿಟ್ಟುಕೊಳ್ಳೋ ಕೆಲಸ ನನಗೆ ಬೇಡ, ಯಂತ್ರಕ್ಕಿರಲಿ."

ಮೌಸಿನ ತುಂಡಿಗೆ ಎಬ್ಬಿಸುವ ಹಕ್ಕಿಲ್ಲ ಎಂದು ಯಂತ್ರದಲ್ಲಿ ಖಾಯಂ ಮಾಡಿದಳು. ಆರಿಸಿ ಹೊತ್ತಿಸಿದರೂ ಅಳಿಯದ ಹಾಗೆ ಮಾಡಿದಳು. ಮರುದಿನ ಶಾಲೆಗೆ ಹೋಗಿ ಬಂದಳು. ಚೀಲ ತಣ್ಣಗಿತ್ತು.

ಇಲ್ಲಿಗೆ ಮುಗಿಯಬೇಕಿತ್ತು. ಮಂಡಳಿಯವರು ಬರುವ ಹಿಂದಿನ ದಿನ ಅವಳು ಮಾಡಿದ್ದು ಬೇರೆ. ಮೌಸಿಗೆ ಅದರ ಹಕ್ಕನ್ನು ವಾಪಸ್ಸು ಕೊಟ್ಟಳು. ಟಿಫಿನ್ ಡಬ್ಬಿಯನ್ನು ಮೊದಲಿನ ಜಾಗದಲ್ಲೇ ಇಟ್ಟಳು. ತಂಗಿ ಬಾಗಿಲಿಗೆ ಅಡ್ಡ ನಿಂತಳು.

"ಅಕ್ಕ, ನಿನ್ನ ಕಾಲಿಗೆ ಬೀಳ್ತೀನಿ. ಸರಿಯಾಗಿರೋದನ್ನ ಮುಟ್ಟಬೇಡ. ನಾಳೆ ಒಂದು ದಿನ ಕಳೀಲಿ."

ಅಕ್ಕ ಅವಳ ಕೆನ್ನೆ ತಟ್ಟಿ, ಪಕ್ಕಕ್ಕೆ ಸರಿಸಿ, ಬಸ್ಸು ಹತ್ತಿದಳು. ಅರ್ಧ ದಾರಿಗೆ ಚೀಲ ಕಾದಿತು. ಅಲ್ಲೇ ಇಳಿದಳು. ಬಸ್‌ಸ್ಟಾಪಿನ ಕಟ್ಟೆಯ ಮೇಲೆ ಕೂತು ಹಕ್ಕನ್ನು ಕಿತ್ತುಕೊಂಡಳು. ಮತ್ತೊಂದು ಬಸ್ಸಿನಲ್ಲಿ ಮನೆಗೆ ಬಂದಳು. ಬರುವಷ್ಟರಲ್ಲಿ ಚೀಲ ಆರಿ ತಣ್ಣಗಾಗಿತ್ತು. ಬೇಕೆಂದಾಗ ಕೆಡಿಸಲೂ ಬಂತು, ಬೇಕೆಂದಾಗ ಸರಿಮಾಡಲೂ ಬಂತು. ಆ ದಿನ ಅವಳು ನಿಶ್ಚಿಂತೆಯಿಂದ ಉಂಡಳು.

ಮಂಡಳಿಯವರು ಬಂದರು. ಹಿಂದಿನ ಬೆಂಚುಗಳಲ್ಲಿ ಕೂತರು. ಅವಳು ಮುಚ್ಚಳ ತೆರೆದಳು, ಪಾಠ ಶುರುವಾಯಿತು. ನೀರು ಹೇಗೆ ಆವಿಯಾಗುತ್ತದೆ ಎಂಬ ಪಾಠ. ಯಂತ್ರ ಕೇಳಿತು, ಮಕ್ಕಳು ಉತ್ತರಿಸಿದರು. ಅರ್ಧ ಪಾಠವಾದ ಮೇಲೆ ಮಕ್ಕಳಿಗೆ ಚಿತ್ರ ಬರೆಯಲು ಹೇಳಿ ಬ್ಯಾಟರಿ ಉಳಿಸಲೆಂದು ಮುಚ್ಚಳ ಮುಚ್ಚಿದಳು.

ಮುಂದಿನ ಬೆಂಚಿನ ಹುಡುಗಿಯೊಬ್ಬಳು ಪಕ್ಕದವಳ ಕಿವಿಯಲ್ಲಿ ಅಂದಳು. ಅವಳ ಪಿಸುಮಾತು ಕೋಣೆಗೆಲ್ಲ ಕೇಳಿಸುವಂಥದ್ದು. "ಟೀಚರ್ ಬಾಯಿ ಮುಚ್ಚಿದ್ರು ಕಣೇ. ಈಗ ಮಾತಾಡಬಹುದು."

ಮುಚ್ಚಳ ತೆರೆಯಿತು. ಬೆರಳು ಓಡಿತು. ಹುಡುಗಿ ಇನ್ನೂ ಬಾಯಿ ಮುಚ್ಚಿರಲಿಲ್ಲ, ತಗಡಿನ ದನಿ ಬಂತು: "ಬಾಯಿ ಮುಚ್ಚಿದ್ದೆ. ಕಿವಿ ಮುಚ್ಚಿರಲಿಲ್ಲ."

ತರಗತಿ ಹೋ ಎಂದು ನಕ್ಕಿತು. ಹಿಂದಿನ ಬೆಂಚಿನ ಮಂಡಳಿಯವರೂ ನಕ್ಕರು. ಎಲ್ಲರಿಗಿಂತ ಹೆಚ್ಚು ನಕ್ಕವಳು ಸಿಕ್ಕಿಬಿದ್ದ ಹುಡುಗಿಯೇ. ಆ ಮಾತು ಇನ್ನೊಂದು ಗಳಿಗೆ ತಡವಾಗಿದ್ದರೆ ಯಾರೂ ನಗುತ್ತಿರಲಿಲ್ಲ. ಪಾಠ ಕೊನೆಯವರೆಗೂ ನಡೆಯಿತು. ಮಂಡಳಿಯ ಅಧ್ಯಕ್ಷರು ಏಳುವಾಗ ಮುಖ್ಯೋಪಾಧ್ಯಾಯರಿಗೆ ಹೇಳಿದ್ದು ಇಷ್ಟೇ: "ಈ ಕೋಣೆಗೊಂದು ಪ್ಲಗ್ ಹಾಕಿಸಿ."

ಶಿಕ್ಷಕಿ ತರಗತಿಯಲ್ಲೇ ಉಳಿದಳು.

ಜಿನದತ್ತ ಸರ್ ಕತೆ ನಿಲ್ಲಿಸಿ ಕನ್ನಡಕ ಹಾಕಿಕೊಂಡರು.

ತನುಜಾ ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿದಳು. ಕಾದಳು. ತೆರೆದಳು. ಪರದೆ ಬೆಳಗಿತು. ಮತ್ತೊಮ್ಮೆ ಮುಚ್ಚಿದಳು, ತೆರೆದಳು. ಬೆಳಗಿತು.

"ಆದರೆ ಸರ್," ಎಂದಳು ಮೆಲ್ಲಗೆ, "ಅವರದು ಮತ್ತೆ ಕೆಟ್ಟಿತ್ತು. ಇದು ಕೆಟ್ಟಿಲ್ಲ. ಸರಿಹೋದಾಗಿನಿಂದ ಎಷ್ಟು ಸಲ ಮಲಗಿಸಿದರೂ ಏಳ್ತಾ ಇದೆ."

ಕೆಳಗಿನಿಂದ ಸರ್ವೆಯರ್ ಮತ್ತೆ ಕೂಗಿದರು. "ಅಮ್ಮಾ, ಕೊಡ್ತೀರೋ ಇಲ್ವೋ? ನಾಳೆ ಎರಡು ಮನೆಯೋರ ಬೇಲಿ ಜಗಳ. ಇದನ್ನ ನಂಬಿಕೊಂಡು ನಾನು ನಡುವೆ ನಿಂತ್ಕೋಬೇಕು!"

ತನುಜಾ ಲ್ಯಾಪ್‌ಟಾಪನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ನಿಂತಳು. ಬಾಗಿಲ ಕಡೆ ಒಂದು ಹೆಜ್ಜೆ ಇಟ್ಟು ಗುರುವಿನ ಕಡೆ ತಿರುಗಿದಳು. "ಏನು ಹೇಳಲಿ ಸರ್ ಅವರಿಗೆ?"

"ಏನೂ ಹೇಳಬೇಡ, ಅವರ ಕಣ್ಣೆದುರೇ ಅದನ್ನು ಒಮ್ಮೆ ಕೆಡಿಸಿ ತೋರಿಸು" ಎಂದರು ಜಿನದತ್ತ ಸರ್.

ತನುಜಾ ಲ್ಯಾಪ್‌ಟಾಪನ್ನು ಮತ್ತೆ ಮೇಜಿನ ಮೇಲಿಟ್ಟು, ಬೆಳಗಿನಿಂದ ಸೇರಿಸಿದ್ದನ್ನು ಒಂದೊಂದಾಗಿ ತೆಗೆಯತೊಡಗಿದಳು.